8 ಓಮ್, 100 ವ್ಯಾಟ್ ಡಮ್ಮಿ ಲೋಡ್: ಕೆಲವು ವರ್ಷ ಬಳಸಿದ ಮೇಲೆ

ಡಮ್ಮಿ ಲೋಡ್ ಅಂದರೆ ಆಂಪ್ (ಆಂಪ್ಲಿಫೈಯರ್) ಪರೀಕ್ಷೆಗೆ ಸ್ಪೀಕರಿನ ಬದಲು ಹಾಕುವ ರೆಸಿಸ್ಟರ್. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬಿಡಿಯಾಗಿ ಸಿಗುವ ರೆಸಿಸ್ಟರ್‌ಗಳಿವು. ಚಿನ್ನದ ಬಣ್ಣದ ಅಲ್ಯೂಮಿನಿಯಂ ಮೈ, ಎರಡೂ ಕಡೆ ಸ್ಕ್ರೂ ತೂತು. ನಾಲ್ಕು ತಂದು ಎರಡೆರಡು ಸೀರೀಸ್ ಮಾಡಿ, ಆ ಎರಡು ಜೋಡಿಯನ್ನು ಪ್ಯಾರಲಲ್ ಮಾಡಿದ್ದೇನೆ. ಒಟ್ಟು ಮತ್ತೆ 8 ಓಮೇ, ಆದರೆ ತಡೆಯುವ ಶಕ್ತಿ 400 ವ್ಯಾಟ್. ರಿಪೇರಿಗೆ ಬಂದ ಆಂಪ್ ಯಾವುದೇ ಇರಲಿ, ಮೊದಲು ಇದರ ಮೇಲೆ ಓಡಬೇಕು. ಆಮೇಲೆ ಸ್ಪೀಕರ್.

ಮೈಮೇಲೆ ಬರೆದ 100 ವ್ಯಾಟ್ ನಂಬಿ ಸುಮ್ನೆ ಮೇಜಿನ ಮೇಲಿಟ್ಟು ಓಡಿಸಬೇಡಿ. ಅದು ದೊಡ್ಡ ಹೀಟ್‌ಸಿಂಕ್‌ಗೆ ಬಿಗಿದಾಗಿನ ಲೆಕ್ಕ. ಬರಿಮೈಯಲ್ಲಿ ಅದರ ಅರ್ಧವೂ ತಡೆಯುವುದಿಲ್ಲ. ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ನಾನು ಥರ್ಮಲ್ ಪೇಸ್ಟ್ ಹಚ್ಚಿ, ಹಳೆ ಕಂಪ್ಯೂಟರ್ ಫ್ಯಾನ್ ಕೂರಿಸಿದ್ದೇನೆ. ಆದರೂ ಅರ್ಧ ಗಂಟೆ ಓಡಿದ ಮೇಲೆ ಕೈ ಇಡೋಕಾಗಲ್ಲ.

ನಿಜವಾದ ಲಾಭ ಗೊತ್ತಾಗುವುದು ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆದಾಗ. 35 ವೋಲ್ಟ್ ಡಿಸಿ ನೇರ ಹೊರಗೆ ಬಂದರೆ ಸ್ಪೀಕರ್ ಕಾಯಿಲ್ ಸುಟ್ಟೇ ಹೋಗುತ್ತದೆ. ಇಲ್ಲಿ ಸುಮಾರು 150 ವ್ಯಾಟ್ ಬಿಸಿ, ಅಷ್ಟೇ. ಅಷ್ಟರಲ್ಲಿ ಆಂಪಿಗೆ ಕರೆಂಟ್ ಬರುವ ದಾರಿಯಲ್ಲಿ ಹಾಕಿದ ಸೀರೀಸ್ ಬಲ್ಬ್ ಜೋರಾಗಿ ಉರಿದು ವಿಷಯ ಹೇಳಿರುತ್ತದೆ.

ಅಳೆಯುವುದೂ ಸುಲಭ. ಮೊಬೈಲಿನಿಂದ 400 ಹರ್ಟ್ಸ್ ಟೋನ್ ಕೊಡಿ. ಅಗ್ಗದ ಮಲ್ಟಿಮೀಟರ್‌ಗಳನ್ನು ಅದಕ್ಕಿಂತ ಮೇಲೆ ನಂಬುವಂತಿಲ್ಲ. ಲೋಡಿನ ಮೇಲೆ 20 ವೋಲ್ಟ್ ಬಂದರೆ 50 ವ್ಯಾಟ್ (ವೋಲ್ಟನ್ನು ಅದರಿಂದಲೇ ಗುಣಿಸಿ 8ರಿಂದ ಭಾಗಿಸಿ). ಡಬ್ಬದ ಮೇಲೆ ಪಿಎಂಪಿಒ (ಜಾಹೀರಾತಿಗೆಂದು ಉಬ್ಬಿಸಿದ ಪವರ್) ಲೆಕ್ಕದಲ್ಲಿ ಸಾವಿರಗಟ್ಟಲೆ ವ್ಯಾಟ್ ಬರೆದಿದ್ದ ಒಂದು ಸೆಟ್ ಬಂದಿತ್ತು. 9 ವೋಲ್ಟ್‌ಗೇ ಸ್ಕೋಪಿನಲ್ಲಿ (ಅಲೆಯ ಆಕಾರ ತೋರಿಸುವ ಆಸಿಲೋಸ್ಕೋಪ್) ಅಲೆಯ ತಲೆ ಚಪ್ಪಟೆ. ಅಂದ್ರೆ ಚಾನೆಲ್ಲಿಗೆ ಹತ್ತೇ ವ್ಯಾಟ್!

ಕೊರತೆಗಳೂ ಇವೆ. ತಂತಿ ಸುತ್ತಿದ್ದರಿಂದ ಇಂಡಕ್ಟೆನ್ಸ್ ಇದೆ ಅಂತ ಕೆಲವರು ಹೆದರಿಸುತ್ತಾರೆ, ಆಡಿಯೋಗೆ ಅದು ಲೆಕ್ಕಕ್ಕಿಲ್ಲ. ಆದರೆ ಸ್ಪೀಕರಿನ ಓಮ್ ಆವರ್ತನಕ್ಕೆ ತಕ್ಕಂತೆ ಏರಿಳಿಯುತ್ತದೆ, ರೆಸಿಸ್ಟರ್‌ನದು ಹಾಗಲ್ಲ. ಗುಂಯ್ ಎನ್ನುವ ಹಮ್, ಕರಕರ ಸದ್ದು ಇದರಲ್ಲಿ ಕೇಳಿಸುವುದೂ ಇಲ್ಲ. ಕೊನೆಗೊಮ್ಮೆ ಹಳೆ ಸ್ಪೀಕರ್ ಹಾಕಿ ನೋಡಲೇಬೇಕು.

ಎರಡು ಕಡೆ ಜಾಗ್ರತೆ. ಟಿಪಿಎ3116 ತರಹದ ಆಂಪ್ ಚಿಪ್ ಇರುವ ಬ್ರಿಜ್ ಬೋರ್ಡ್‌ಗಳಲ್ಲಿ ಔಟ್‌ಪುಟ್‌ನ ಎರಡೂ ತಂತಿ ಜೀವಂತ, ಯಾವುದೂ ಗ್ರೌಂಡ್ ಅಲ್ಲ. ಸ್ಕೋಪಿನ ಗ್ರೌಂಡ್ ಕ್ಲಿಪ್ಪನ್ನು ಆ ಎರಡರಲ್ಲಿ ಯಾವುದಕ್ಕೂ ಹಾಕಬೇಡಿ, ಎರಡಕ್ಕೂ ಒಂದೊಂದು ಪ್ರೋಬ್ ಇಟ್ಟು ಒಂದರಿಂದ ಇನ್ನೊಂದನ್ನು ಕಳೆದು ನೋಡಿ. ಇನ್ನು ದೇವಸ್ಥಾನ, ಶಾಲೆಗಳ ಮೈಕ್ ಸೆಟ್ ಆಂಪ್. ಲೋಡನ್ನು 8 ಓಮ್ ಟರ್ಮಿನಲ್‌ಗೇ ಹಾಕಿ. ದೂರದ ಸ್ಪೀಕರ್‌ಗಳಿಗೆಂದು ಇರುವ 100 ವೋಲ್ಟ್ ಲೈನಿಗೆ ಹಾಕಿದರೆ ಅದು 1250 ವ್ಯಾಟ್ ಎಳೆಯಲು ನೋಡುತ್ತದೆ, ಆಂಪ್ ಉಳಿಯಲ್ಲ.

ಮನೇಲಿ ಒಂದೇ ಆಂಪ್ ಇಟ್ಟುಕೊಂಡವರಿಗೆ ಇದು ಬೇಡ. ರಿಪೇರಿ ಮಾಡುವವರು, ಕಿಟ್ ಕಟ್ಟುವವರು ಧಾರಾಳವಾಗಿ ತಗೊಳ್ಳಿ. ಹೀಟ್‌ಸಿಂಕ್ ಮಾತ್ರ ಹೊಸದು ಬೇಡ, ಗುಜರಿಯಲ್ಲಿ ಹುಡುಕಿ.