ಇಡಿಐ ಸಾಫ್ಟ್‌ವೇರ್: ಭೋಸರಿಯಲ್ಲಿ ನಾವು ಓಡಿಸಿ ನೋಡಿದ ನಾಲ್ಕು ದಾರಿ

ಜರ್ಮನಿಯ ಗಿರಾಕಿ ‘ಇನ್ನು ಶೆಡ್ಯೂಲ್ ಪಿಡಿಎಫ್‌ನಲ್ಲಿ ಕಳಿಸಲ್ಲ, ಇಡಿಐ ಹಾಕಿಸಿಕೊಳ್ಳಿ’ ಅಂದ ಕೂಡಲೇ ಸಣ್ಣ ಕಾರ್ಖಾನೆಯಲ್ಲಿ ಮೊದಲು ಏಳುವ ಪ್ರಶ್ನೆ, ಯಾವ ಸಾಫ್ಟ್‌ವೇರ್? ಇಡಿಐ ಅಂದರೆ ಆರ್ಡರು, ಬಿಲ್ಲುಗಳು ಗೊತ್ತಾದ ನಮೂನೆಯಲ್ಲಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ನೇರ ಹೋಗೋದು. ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ನಾವು ಶಾಫ್ಟು, ಬುಶ್ಶು ಮಾಡುವವರು. ಲೆಕ್ಕವೆಲ್ಲ ಟ್ಯಾಲಿಯಲ್ಲಿ. ಐಬಿಎಂ ಸ್ಟರ್ಲಿಂಗ್‌ನಂಥ ದೊಡ್ಡ ಹೆಸರುಗಳು ನಮ್ಮ ಅಳತೆಯವಲ್ಲ, ಹಾಗಾಗಿ ಆ ಕಡೆ ಹೋಗಲೇ ಇಲ್ಲ.

ಮೊದಲು ಒಂದು ಗೊಂದಲ ಬಿಡಿಸಿಬಿಡುತ್ತೇನೆ. ‘ನಮ್ಮ ಪ್ಯಾಕೇಜ್ ಇ-ಇನ್‌ವಾಯ್ಸ್ ಮಾಡುತ್ತೆ ಸಾರ್, ಇಡಿಐ ಬಂದಂಗೇ ಲೆಕ್ಕ’ ಅನ್ನುವ ಸೇಲ್ಸ್ ಹುಡುಗರು ಬಂದೇ ಬರುತ್ತಾರೆ. ಅದೇ ಬೇರೆ, ಇದೇ ಬೇರೆ. ಜಿಎಸ್‌ಟಿ ಇ-ಇನ್‌ವಾಯ್ಸ್ ಸರ್ಕಾರದ ಪೋರ್ಟಲ್‌ಗೆ ಹೋಗಿ ಐಆರ್‌ಎನ್ (ಬಿಲ್ಲಿನ ನೋಂದಣಿ ನಂಬರ್) ಮತ್ತು ಕ್ಯೂಆರ್ ಕೋಡ್ ತರುತ್ತದೆ. 2023ರ ಆಗಸ್ಟ್‌ನಿಂದ ವರ್ಷಕ್ಕೆ 5 ಕೋಟಿ ದಾಟಿದ ವಹಿವಾಟಿನವರಿಗೂ ಅದು ಕಡ್ಡಾಯ. ಗಿರಾಕಿಯ ಕಂಪ್ಯೂಟರಿಗೆ ಬೇಕಾದ್ದು ಎಡಿಫ್ಯಾಕ್ಟ್ ಅನ್ನುವ ಅಂತರರಾಷ್ಟ್ರೀಯ ಇಡಿಐ ನಮೂನೆಯ ಫೈಲುಗಳು: ಅವರು ಕಳಿಸುವ ಶೆಡ್ಯೂಲಿಗೆ ಡೆಲ್‌ಫರ್, ನಾವು ಕಳಿಸುವ ಎಎಸ್‌ಎನ್‌ಗೆ (ಯಾವ ಸರಕು ಹೊರಟಿತು ಅಂತ ಮುಂಚೆಯೇ ತಿಳಿಸೋದು) ಡೆಸ್ಯಾಡ್ವ್, ಬಿಲ್ಲಿಗೆ ಇನ್‌ವಾಯ್ಕ್.

ಮೊದಲ ದಾರಿ ಗಿರಾಕಿಯದೇ ವೆಬ್ ಪೋರ್ಟಲ್. ನಮಗೆ ಖರ್ಚಿಲ್ಲ. ಟೈಪ್ ಮಾಡುವಾಗಲೇ ತಪ್ಪಿದ್ದರೆ ಆ ಖಾನೆ ಕೆಂಪಾಗುತ್ತದೆ. ಈ ಗುಣ ಉಳಿದ ಮೂರಕ್ಕೂ ಇಲ್ಲ. ಆದರೆ ಎಎಸ್‌ಎನ್‌ನಲ್ಲಿ ಪ್ರತಿ ಪೆಟ್ಟಿಗೆಯ ಲೇಬಲ್ ನಂಬರೂ ಬೇಕು. ಟ್ಯಾಲಿಯಲ್ಲಿ ಒಮ್ಮೆ, ಪೋರ್ಟಲ್‌ನಲ್ಲಿ ಇನ್ನೊಮ್ಮೆ. ನಾವಿನ್ನೂ ನಂಬರ್ ಬಡಿಯುತ್ತಿರುತ್ತೇವೆ, ನ್ಹಾವಾ ಶೇವಾ ಬಂದರಿಗೆ ಹೋಗುವ ಲಾರಿ ಗೇಟಿನಲ್ಲಿ ನಿಂತಿರುತ್ತದೆ. ಡಿಸ್ಪ್ಯಾಚ್ ನೋಡುವ ಇಂಡಿ ಕಡೆಯ ಕಾಕಾ ಬಾಗಿಲಿಗೆ ಬಂದು, ‘ತಮ್ಮಾ, ಎಎಸ್‌ಎನ್ ಹೋತೇನು? ಡ್ರೈವರಂದು ಎರಡನೇ ಚಾ ಕುಡದೂ ಆತು’ ಅನ್ನುತ್ತಾರೆ. ವಾರಕ್ಕೆ ಒಂದೆರಡು ಲೋಡ್ ಇರುವವರಿಗೆ ಪೋರ್ಟಲ್ ಸಾಕು. ಅದಕ್ಕಿಂತ ಜಾಸ್ತಿಯಾದರೆ ಕಷ್ಟ.

ಎರಡನೆಯದು ತಿಂಗಳ ಬಾಡಿಗೆಯ ಕ್ಲೌಡ್ ಸೇವೆ. ಯಾರದು ಅಂತ ಹೇಳಲ್ಲ. ನಾವು ಟ್ಯಾಲಿಯಿಂದ ಸಿಎಸ್‌ವಿ ಅನ್ನುವ ಸಾದಾ ಪಟ್ಟಿ ಫೈಲ್ ತೆಗೆದು ಕೊಟ್ಟರೆ ಸಾಕು. ಮ್ಯಾಪಿಂಗ್ (ನಮ್ಮ ಯಾವ ಖಾನೆ ಅವರ ಯಾವ ಖಾನೆಗೆ ಅಂತ ಜೋಡಿಸೋದು), ಸರ್ಟಿಫಿಕೇಟ್, ಕಳಿಸೋದು ಎಲ್ಲಾ ಅವರದೇ. ಶುರುವಿನಲ್ಲಿ ಹಾಯಾಗಿತ್ತು. ಸಿಕ್ಕಿಕೊಂಡಿದ್ದು ‘ಕ್ಯೂಮ್’ ಹತ್ತಿರ, ಅಂದರೆ ಕೂಡುತ್ತಾ ಬಂದ ಒಟ್ಟು ಲೆಕ್ಕದ ಹತ್ತಿರ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ವಾಹನದ ಬಿಡಿಭಾಗ ಮಾಡುವವರಿಗೆ ಆಯ್ಕೆ ನಿಲ್ಲೋದೇ ಇದರ ಮೇಲೆ. ಶೆಡ್ಯೂಲಿನಲ್ಲಿ ‘ಈ ತಾರೀಖಿಗೆ ಇಷ್ಟು ಕೊಡಿ’ ಅಂತ ಮಾತ್ರ ಇರಲ್ಲ. ವರ್ಷದ ಶುರುವಿನಿಂದ ಒಟ್ಟು ಎಷ್ಟು ತಲುಪಿದೆ ಅನ್ನೋದೂ ಇರುತ್ತದೆ. ಫೈಲ್ ತೆರೆದರೆ ಒಂದು ಸಾಲಿನಲ್ಲಿ ಕ್ಯೂಟಿವೈ+70:7200 ಅಂತಿರುತ್ತದೆ. 70 ಅಂದರೆ ಇಲ್ಲಿವರೆಗೆ ಅವರಿಗೆ ಮುಟ್ಟಿದ ಒಟ್ಟು. ಕೆಳಗೆ ಕ್ಯೂಟಿವೈ+113:2400, ಅಂದರೆ ಇನ್ನು ಕೊಡಬೇಕಾದ್ದು. ಆದರೆ ನಾವು ಆಗಲೇ 8,640 ಕಳಿಸಿ ಆಗಿದೆ ಅಂದುಕೊಳ್ಳಿ. ನಡುವಿನ 1,440 ಹಡಗಿನಲ್ಲಿದೆ, ಅವರ ಲೆಕ್ಕಕ್ಕೆ ಇನ್ನೂ ಹತ್ತಿಲ್ಲ. ಹಾಗಾದರೆ ನಿಜವಾಗಿ ಮಾಡಬೇಕಾದ್ದು 960 ಮಾತ್ರ. 70ರ ಸಾಲನ್ನು ಬಿಟ್ಟು ಬರೀ 113ರ ಸಾಲನ್ನು ಎತ್ತಿಕೊಡುವ ಮ್ಯಾಪಿಂಗ್ ಇದ್ದರೆ ಶಾಪ್‌ಫ್ಲೋರಿನಲ್ಲಿ 2,400ಕ್ಕೆ ಕಬ್ಬಿಣ ಕತ್ತರಿಸುತ್ತಾರೆ.

ಬಾಡಿಗೆ ಸೇವೆಯವರು ಮಾಡಿಕೊಟ್ಟದ್ದು ಅಂಥದ್ದೇ ಮ್ಯಾಪಿಂಗ್. ಕಾಕಾ ನೋಟ್‌ಬುಕ್ಕಿನಲ್ಲಿ ಲೋಡ್‌ಗಳ ಲೆಕ್ಕ ಬರೆದಿಡದಿದ್ದರೆ ನಮಗೆ ತಿಳಿಯುತ್ತಲೂ ಇರಲಿಲ್ಲ. ಸರಿಮಾಡಿ ಅಂದರೆ ಟಿಕೆಟ್ ಹಾಕಿ ಅಂದರು. ಟಿಕೆಟ್ ಹಾಕಿದರೆ ‘ಇದು ಹೊಸ ಬದಲಾವಣೆ, ಬೇರೆ ಚಾರ್ಜ್’. ಚಾರ್ಜ್‌ಗಿಂತ ಕಾಯೋದೇ ದುಬಾರಿ, ಅಲ್ವಾ?

ಇನ್ನೊಂದು, ಅವರ ಡ್ಯಾಶ್‌ಬೋರ್ಡಿನ ಹಸಿರು ಟಿಕ್. ಎಎಸ್2 ಅಂದರೆ ಇಂಟರ್ನೆಟ್ಟಿನಲ್ಲಿ ಇಡಿಐ ಫೈಲನ್ನು ಭದ್ರವಾಗಿ ಸಾಗಿಸುವ ವಿಧಾನ. ಅದರಲ್ಲಿ ಫೈಲ್ ತಲುಪಿದರೆ ಎಂಡಿಎನ್ ಅನ್ನುವ ರಸೀತಿ ವಾಪಸ್ ಬರುತ್ತದೆ. ಅದು ಹಿಂದಿನ ರಿಜಿಸ್ಟರ್ಡ್ ಪೋಸ್ಟಿನ ಅಕ್ನಾಲೆಜ್‌ಮೆಂಟ್ ಕಾರ್ಡ್ ಇದ್ದಂಗೆ. ಕವರ್ ತಲುಪಿತು ಅನ್ನುತ್ತದೆ, ಒಳಗಿನ ಕಾಗದ ಸರಿಯಿದೆ ಅನ್ನಲ್ಲ. ಫೈಲಿನ ವ್ಯಾಕರಣ ಸರಿಯಿತ್ತೋ ಇಲ್ಲವೋ ಹೇಳುವ ಉತ್ತರ ಕಂಟ್ರೋಲ್ ಮೆಸೇಜು. ಅವರು ಎಂಡಿಎನ್ ಬಂದ ಕೂಡಲೇ ಟಿಕ್ ಹಾಕುತ್ತಿದ್ದರು. ಗಿರಾಕಿಯ ಕಡೆ ಎಎಸ್‌ಎನ್ ತಿರಸ್ಕಾರವಾಗಿದ್ದರೂ ನಮ್ಮ ಪರದೆಯಲ್ಲಿ ಎಲ್ಲಾ ಹಸಿರೇ ಹಸಿರು.

ಮೂರನೆಯದು ಆಲ್ಟೋವಾ ಮ್ಯಾಪ್‌ಫೋರ್ಸ್. ಎಡಗಡೆ ಅವರ ಫೈಲ್, ಬಲಗಡೆ ನಮ್ಮದು, ಮಧ್ಯೆ ಮೌಸ್‌ನಿಂದ ಗೆರೆ ಎಳೆದು ಜೋಡಿಸೋದು. ಕಣ್ಣಿಗೆ ಬಹಳ ಚೆಂದ, ಕಲಿಯಲೂ ಸುಲಭ. ಆದರೆ ಇಡಿಐ ಬೇಕಂದ್ರೆ ಎಂಟರ್‌ಪ್ರೈಸ್ ಆವೃತ್ತಿಯನ್ನೇ ಕೊಳ್ಳಬೇಕು. ಮಾಡಿದ ಮ್ಯಾಪಿಂಗ್ ತಾನಾಗಿ ಓಡಲು ಸರ್ವರ್ ಬೇರೆ. ಕಳಿಸುವ ಕೆಲಸಕ್ಕೆ ಇನ್ನೊಂದು ಸಾಫ್ಟ್‌ವೇರು. ಹತ್ತಾರು ಗಿರಾಕಿಗಳಿಗೆ ಬೇರೆ ಬೇರೆ ನಮೂನೆ ಕಳಿಸುವವರಿಗೆ ದುಡ್ಡು ಹುಟ್ಟೀತು. ನಮಗೆ ಅಷ್ಟೊಂದು ಯಾಕೆ?

ನಾಲ್ಕನೆಯದು ಎರಡು ಓಪನ್ ಸೋರ್ಸ್ ತುಂಡುಗಳ ಜೋಡಿ. ಫೈಲ್ ಹೊರಗೆ ಒಳಗೆ ಸಾಗಿಸಲು ಮೆಂಡೆಲ್ಸನ್ ಎಎಸ್2, ತರ್ಜುಮೆಗೆ ಬಾಟ್ಸ್. ಮೆಂಡೆಲ್ಸನ್‌ಗೆ ಕಿಟಕಿಯಂಥ ಪರದೆ ಇದೆ, ಯಾವ ಫೈಲಿಗೆ ರಸೀತಿ ಬಂತು ಅಂತ ಒಂದೇ ನೋಟಕ್ಕೆ ಕಾಣುತ್ತದೆ. ಬಾಟ್ಸ್ ಪೈಥಾನ್‌ನಲ್ಲಿದೆ, ಮ್ಯಾಪಿಂಗ್ ಅಂದರೆ ಒಂದು ಪೈಥಾನ್ ಫೈಲ್. ಹಡಗಿನಲ್ಲಿರುವ ಸರಕನ್ನು ಕಳೆಯುವ ಲೆಕ್ಕ ಅಲ್ಲಿ ಕೆಲವೇ ಸಾಲು, ಊಟಕ್ಕೆ ಏಳುವ ಮುಂಚೆ ಮುಗಿಯಿತು. ಸಾಲಿಗೆ 128 ಅಕ್ಷರದ ಹಳೇ ವಿಡಿಎ (ಜರ್ಮನ್ ವಾಹನೋದ್ಯಮದ ನಮೂನೆ) ಫೈಲ್ ಬಂದರೂ ಅದೇ ಬಾಟ್ಸ್ ಓದುತ್ತದೆ. ಸುಮ್ನೆ ಹೊಗಳುತ್ತಿಲ್ಲ, ಇದರಲ್ಲೂ ಕಾಟವಿದೆ. ಎರಡೂ ತುಂಡನ್ನು ನಾವೇ ಹೊಂದಿಸಬೇಕು. ಎಎಸ್2 ಸರ್ಟಿಫಿಕೇಟ್ ಅವಧಿ ಮುಗಿಯುವ ಮುಂಚೆ ನಾವೇ ನೆನಪಿಟ್ಟು ಬದಲಿಸಬೇಕು. ರಾತ್ರಿ ಕೆಟ್ಟರೆ ಫೋನ್ ಮಾಡಲು ಯಾರೂ ಇಲ್ಲ. ಜೊತೆಗೆ ಭೋಸರಿಯಲ್ಲಿ ರಜೆ ಗುರುವಾರ, ಕರೆಂಟ್ ತೆಗೆಯೋದೂ ಗುರುವಾರವೇ. ಜರ್ಮನಿಯವರಿಗೆ ಅದು ಕೆಲಸದ ದಿನ. ಕಾರ್ಖಾನೆಯ ಕಂಪ್ಯೂಟರಿನಲ್ಲಿ ಎಎಸ್2 ಇಟ್ಟರೆ ಅವತ್ತು ಬಾಗಿಲು ಹಾಕಿದಂಗೆ. ಅದಕ್ಕೆ ಬಾಡಿಗೆಗೆ ಒಂದು ಸಣ್ಣ ಸರ್ವರ್ ತಗೊಂಡು ಅಲ್ಲಿಟ್ಟಿದ್ದೇವೆ.

ನಮ್ಮಲ್ಲಿ ಈಗ ಓಡುತ್ತಿರೋದು ಇದೇ ಜೋಡಿ. ಪೋರ್ಟಲ್ ಲಾಗಿನ್ ಕೂಡ ಬಿಟ್ಟಿಲ್ಲ. ಸರ್ವರ್ ಮುನಿಸಿಕೊಂಡ ದಿನ ಅದರಲ್ಲೇ ಕೂತು ಬಡಿಯೋದು. ಬಿಟ್ಟಿ ಅಂತ ಇದನ್ನು ಆರಿಸಿದ್ದಲ್ಲ. ಗಿರಾಕಿ ನಮೂನೆ ಬದಲಿಸಿದರೆ ಅವತ್ತೇ ನಾವೇ ತಿದ್ದಬಹುದು, ಅದಕ್ಕೆ.

ಪೈಥಾನ್ ಓದಬಲ್ಲವರು ನಿಮ್ಮ ಆಫೀಸಿನಲ್ಲಿ ಒಬ್ಬರೂ ಇಲ್ಲವಾ? ಹಾಗಾದರೆ ಈ ದಾರಿ ಬೇಡ, ಬಾಡಿಗೆ ಸೇವೆಗೇ ಹೋಗಿ. ಆದರೆ ಟ್ರಯಲ್‌ಗೆ ಅವರ ಡೆಮೋ ಫೈಲ್ ಒಪ್ಪಬೇಡಿ. ಹಡಗಿನಲ್ಲಿ ಸರಕಿದ್ದ ವಾರದ ನಿಮ್ಮದೇ ಹಳೇ ಶೆಡ್ಯೂಲ್ ಕೊಟ್ಟು, ಯಾವ ಸಂಖ್ಯೆ ಹೊರಬರುತ್ತೆ ನೋಡಿ. ಮ್ಯಾಪಿಂಗ್ ಬದಲಾವಣೆಗೆ ಎಷ್ಟು ದಿನ, ಎಷ್ಟು ದುಡ್ಡು, ಹಸಿರು ಟಿಕ್ ಯಾವ ಉತ್ತರಕ್ಕೆ ಹಾಕುತ್ತಾರೆ, ಇವನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಿ.