3 ಮಿಲಿಮೀಟರ್‌ಗೆ ಅರ್ಧ ಬೋರ್ಡ್ ಹೋಯ್ತು: ಹಳೇ ಕೂಲರ್ ಹಾಕುವ ಮುಂಚೆ ಓದಿ

ಹೊಸ ಮದರ್‌ಬೋರ್ಡ್ ತಗೊಂಡು ಮನೆಯಲ್ಲಿರುವ ಹಳೇ ಕೂಲರನ್ನೇ (ಪ್ರೊಸೆಸರ್ ತಣ್ಣಗಿಡುವ ಫ್ಯಾನು) ಹಾಕೋಣ ಅಂತ ಲೆಕ್ಕ ಹಾಕುತ್ತಿದ್ದೀರಾ? ಸ್ಕ್ರೂಡ್ರೈವರ್ ಕೆಳಗಿಟ್ಟು ಮೊದಲು ಇದನ್ನು ಓದಿ. ನನಗೆ ಯಾರೂ ಹೇಳಲಿಲ್ಲ. ಹೇಳಿದ ಒಬ್ಬರೂ ಉಲ್ಟಾ ಹೇಳಿದರು.

ನಾನು ಮಂಡ್ಯದಲ್ಲಿ ಮದುವೆ ವಿಡಿಯೋ ಎಡಿಟಿಂಗ್ ಮಾಡುತ್ತೇನೆ. ಹತ್ತನೇ ಜನರೇಷನ್ ಐ5 ಕಂಪ್ಯೂಟರ್ ಇತ್ತು, ಅದರ ಬೋರ್ಡ್ ಸತ್ತಿತು. ಕೈಯಲ್ಲಿ ಒಂದು ಮದುವೆ ಕೆಲಸ ಬೇರೆ, ಬೀಗರೂಟದ ದಿನಕ್ಕೆ ಹೈಲೈಟ್ ವಿಡಿಯೋ ಕೊಡಬೇಕಿತ್ತು. ಮೈಸೂರಿನ ಒಂದು ಅಂಗಡಿಗೆ ಹೋಗಿ ಐ5 12400 ಪ್ರೊಸೆಸರು, ಹಳೇ ರ್‍ಯಾಮ್ ಹಿಡಿಸುವ ಬಿ660 ಬೋರ್ಡು ತಗೊಂಡೆ. "ಬಾಕ್ಸ್ ಪೀಸ್ ಬೇಡ, ಟ್ರೇ ತಗೊಳ್ಳಿ ಸಾರ್, ಸಾವಿರ ರೂಪಾಯಿ ಉಳಿಯುತ್ತೆ" ಅಂದರು. ಟ್ರೇ ಅಂದರೆ ಬರೀ ಚಿಪ್, ಜೊತೆಗೆ ಕೂಲರ್ ಬರುವುದಿಲ್ಲ. ಕೂಲರ್ ಏನು ಮಾಡೋದು ಅಂತ ಕೇಳಿದೆ. "ಹಳೇದು ಇದೆಯಲ್ವಾ ಸಾರ್? ಇಂಟೆಲ್‌ದು ಇಂಟೆಲ್‌ಗೆ ಕೂರುತ್ತೆ. ಕಾಲು ನಾಲ್ಕು, ತೂತು ನಾಲ್ಕು." ಸರಿ ಅಂತ ಬೋರ್ಡನ್ನು ತೊಡೆ ಮೇಲೆ ಇಟ್ಟುಕೊಂಡು ಟ್ರೈನ್ ಹತ್ತಿದೆ.

ಆ ಮನುಷ್ಯ ಬೇಕಂತಲೇ ಸುಳ್ಳು ಹೇಳಿದ ಅಂತ ನನಗೆ ಅನಿಸುವುದಿಲ್ಲ. ಅವನಿಗೆ ಅಭ್ಯಾಸ. ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗಕ್ಕೆ ಸಾಕೆಟ್ ಅಂತಾರೆ. ಇಂಟೆಲ್‌ನ 2009ರ 1156 ಸಾಕೆಟ್‌ನಿಂದ ಹಿಡಿದು 1155, 1150, 1151, 1200 (ನನ್ನ ಹಳೇ ಬೋರ್ಡಿಂದು) ತನಕ ಕೂಲರ್ ತೂತುಗಳ ನಡುವಿನ ಅಂತರ ಒಂದೇ ಇತ್ತು, 75 ಮಿಲಿಮೀಟರ್. ಹನ್ನೆರಡು ವರ್ಷ ಯಾವ ಕೂಲರ್ ತಂದು ಯಾವುದಕ್ಕೆ ಹಾಕಿದರೂ ನಡೀತಿತ್ತು. 2021ರ ಕೊನೆಗೆ ಹನ್ನೆರಡನೇ ಜನರೇಷನ್ (ನನ್ನ 12400 ಇದರದ್ದೇ) ಜೊತೆ 1700 ಸಾಕೆಟ್ ಬಂತು, ಅಂತರ 78 ಆಯಿತು. ಮೊದಲು ಚೌಕವಾಗಿದ್ದ ಚಿಪ್ಪು ಈಗ ಉದ್ದ, 37.5ಕ್ಕೆ 45 ಮಿಲಿಮೀಟರ್. ಸಾಲದ್ದಕ್ಕೆ ಚಿಪ್ಪು ಬೋರ್ಡಿನ ಮೇಲೆ ಮೊದಲಿಗಿಂತ ಸ್ವಲ್ಪ ತಗ್ಗಿನಲ್ಲಿ ಕೂರುತ್ತದೆ. ಆದರೆ ಕೂಲರ್ ನೋಡಿದರೆ ಅದೇ ದುಂಡನೆ ಫ್ಯಾನು, ಅದೇ ನಾಲ್ಕು ಕಪ್ಪು ಪಿನ್ನು. ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ.

ರಾತ್ರಿ ಊಟ ಮಾಡಿ ಕೂತೆ. ಚಿಪ್ಪಿನ ಬಿಸಿ ಕೂಲರ್‌ಗೆ ದಾಟಿಸುವ ಪೇಸ್ಟ್ ಹಚ್ಚಿದೆ, ಕೂಲರ್ ಇಟ್ಟೆ. ಒಂದು ಪಿನ್ ಟಕ್ ಅಂತ ಕೂತಿತು. ಎದುರುಮೂಲೆಯದು ಕೂರಲಿಲ್ಲ. ಕಾಲನ್ನು ಹೊರಕ್ಕೆ ಎಳೆದು ಹಿಡಿದರೆ ಬಿಳಿ ಪ್ಲಾಸ್ಟಿಕ್ ತುದಿ ತೂತಿನ ಅಂಚಿಗೆ ಬರುತ್ತಿತ್ತು, ಬಿಟ್ಟರೆ ವಾಪಸ್. ಅಲ್ಲಿಗೇ ನಿಲ್ಲಿಸಬೇಕಿತ್ತು. ನಮ್ಮ ಅಕ್ಕನ ಮಗ ಇಂಜಿನಿಯರಿಂಗ್ ಓದುವವನು, ಪಕ್ಕದಲ್ಲೇ ಇದ್ದ. "ಮಾಮ, ಇದು ಬೇರೆ ಸೈಜ್ ಇರಬೇಕು, ಬೆಳಿಗ್ಗೆ ನೋಡೋಣ" ಅಂದ. ನಾನು ಕೇಳಬೇಕಲ್ಲ? ಎಳೆದು, ಒತ್ತಿ, ಮೂರು ಕಾಲುಗಳನ್ನು ಸೊಟ್ಟಗೆ ಸೇರಿಸಿದೆ. ರ್‍ಯಾಮ್ ಪಕ್ಕದ ನಾಲ್ಕನೆಯದು ಬಗ್ಗಲೇ ಇಲ್ಲ ಅಂತ ಸ್ಕ್ರೂಡ್ರೈವರ್ ತುದಿ ಇಟ್ಟು ಮೇಲಿಂದ ಬಲ ಹಾಕಿದೆ. ಬೋರ್ಡ್ ಕಿರ್ ಅಂತು, ಸ್ಕ್ರೂಡ್ರೈವರ್ ಜಾರಿತು. ಸಾಕೆಟ್‌ಗೂ ರ್‍ಯಾಮ್ ಸ್ಲಾಟ್‌ಗೂ ನಡುವೆ ಕೂದಲೆಳೆಯಂತಹ ತಾಮ್ರದ ಗೆರೆಗಳು ಒತ್ತಾಗಿ ಓಡುತ್ತವೆ. ಅದರ ಮೇಲೆ ಅರ್ಧ ಉಗುರಿನಷ್ಟು ಉದ್ದ ಗೀರು ಬಿತ್ತು. ಟಾರ್ಚ್ ಹಿಡಿದರೆ ತಾಮ್ರ ಹೊಳೀತಿತ್ತು.

ಆನ್ ಮಾಡಿದರೆ ಫ್ಯಾನ್ ತಿರುಗುತ್ತೆ, ಡಿಸ್‌ಪ್ಲೇ ಇಲ್ಲ. ರಾತ್ರಿ ಒಂದು ಗಂಟೆವರೆಗೆ ರ್‍ಯಾಮ್ ತೆಗೆದು ಹಾಕಿ, ತೆಗೆದು ಹಾಕಿ ನೋಡಿದ ಮೇಲೆ ಗೊತ್ತಾಯಿತು, ನಾಲ್ಕು ಸ್ಲಾಟ್‌ನಲ್ಲಿ ಎರಡು ಸತ್ತಿವೆ, ಪ್ರೊಸೆಸರ್‌ನಿಂದ ಆ ಎರಡಕ್ಕೆ ಹೋಗುವ ದಾರಿ, ಅಂದರೆ ಒಂದು ಪೂರ್ತಿ ಚಾನೆಲ್ ಹೋಗಿದೆ. ಉಳಿದ ಎರಡಕ್ಕೆ ಹಾಕಿದಾಗ ಆನ್ ಆಯಿತು. ಖುಷಿಪಟ್ಟು ವಿಡಿಯೋ ಎಕ್ಸ್‌ಪೋರ್ಟ್‌ಗೆ ಕೊಟ್ಟರೆ ನಿಮಿಷವೂ ಆಗಿಲ್ಲ, 100 ಡಿಗ್ರಿ. ಆ ಪ್ರೊಸೆಸರ್‌ಗೆ ಅದೇ ಕೊನೆ ಮಿತಿ, ಅಲ್ಲಿ ಮುಟ್ಟಿದರೆ ತಾನಾಗೇ ಸ್ಪೀಡ್ ಇಳಿಸಿಕೊಳ್ಳುತ್ತದೆ. ಕೂಲರ್ ಬಿಚ್ಚಿ ನೋಡಿದೆ. ಪೇಸ್ಟ್ ಒಂದು ಅಂಚಿನಲ್ಲಿ ಮಾತ್ರ ಹರಡಿತ್ತು, ಇನ್ನೊಂದು ಕಡೆ ನಾನು ಇಟ್ಟ ಬೊಟ್ಟು ಇಟ್ಟ ಹಾಗೇ ಕೂತಿತ್ತು. ಅಂದರೆ ಅರ್ಧ ಚಿಪ್ಪಿಗೆ ಕೂಲರ್ ಮುಟ್ಟೇ ಇಲ್ಲ.

ವಾರಂಟಿ ಕೇಳಲು ಹೋದೆ. ಗೀರು ನೋಡಿದ ಕೂಡಲೇ ಫಿಸಿಕಲ್ ಡ್ಯಾಮೇಜ್ ಅಂತ ಬರೆದು ವಾಪಸ್ ಕೊಟ್ಟರು. ಅದರಲ್ಲಿ ತಪ್ಪಿಲ್ಲ, ಜಾರಿದ್ದು ನನ್ನ ಕೈ. ಆದರೆ ಕೂರುತ್ತೆ ಅಂದವರು ನಾನು ಹಾಗೆ ಹೇಳೇ ಇಲ್ಲ ಅಂದರಲ್ಲ, ಅದಕ್ಕೆ ಹೊಟ್ಟೆ ಉರೀತು. ಬಿಲ್ ಮೇಲೆ ಒಂದು ಸಾಲು ಬರೆಸಿಕೊಂಡಿದ್ದರೆ ಜಗಳಕ್ಕಾದರೂ ಆಗುತ್ತಿತ್ತು.

ಹೀಗಾಗಿ, ಕೂಲರ್ ಡಬ್ಬದ ಮೇಲೆ 1700 ಅನ್ನುವ ನಂಬರ್ ಕಣ್ಣಾರೆ ನೋಡಿ. ಡಬ್ಬ ಇಲ್ಲವಾ, ಮಕ್ಕಳ ಜಾಮಿಟ್ರಿ ಬಾಕ್ಸ್‌ನ ಸ್ಕೇಲ್ ಸಾಕು, ಬೋರ್ಡಿನಲ್ಲಿ ಅಕ್ಕಪಕ್ಕದ ಎರಡು ತೂತುಗಳ ನಡುವಿಂದ ನಡುವಿಗೆ ಅಳೆಯಿರಿ, ಆಮೇಲೆ ಕೂಲರ್ ಕಾಲುಗಳನ್ನು. 2024ರ 1851 ಸಾಕೆಟ್‌ಗೂ 78ರದ್ದೇ ಬೇಕು. ಬೋರ್ಡನ್ನು ಕ್ಯಾಬಿನೆಟ್‌ನಿಂದ ಹೊರಗೆ ತೆಗೆದೇ ಹಾಕಿ, ಹಿಂದಿನಿಂದ ನೋಡಿದರೆ ನಾಲ್ಕು ತುದಿಗಳೂ ಒಂದೇ ಸಮ ಹೊರಗೆ ಬಂದಿರಬೇಕು. ನಿಮ್ಮದು ಒಳ್ಳೇ ದುಬಾರಿ ಕೂಲರ್ ಆಗಿದ್ದರೆ ಎಸೆಯಬೇಡಿ, ಸುಮಾರು ಕಂಪನಿಗಳು 1700ಕ್ಕೆ ಬೇರೆ ಮೌಂಟಿಂಗ್ ಕಿಟ್ (ಕೂಲರ್ ಕೂರಿಸುವ ಕಾಲು, ಸ್ಕ್ರೂಗಳು) ಕೊಡುತ್ತವೆ. ಇಂಟೆಲ್ ಬದಲು ಎಎಂಡಿ ಪ್ರೊಸೆಸರ್ ಇರುವವರಿಗೂ ಇದೆ ಈ ಕಾಟ: ಅದರ ಎಎಂ4, ಎಎಂ5 ಸಾಕೆಟ್ ಎರಡಕ್ಕೂ ತೂತಿನ ಅಂತರ ಒಂದೇ, ಆದರೆ ಎಎಂ5ರಲ್ಲಿ ಬೋರ್ಡಿನ ಹಿಂಬದಿಯ ಪ್ಲೇಟ್ ಬಿಚ್ಚುವ ಹಾಗಿಲ್ಲ, ತನ್ನದೇ ಪ್ಲೇಟ್ ಬೇಕು ಅನ್ನುವ ಕೂಲರ್ ಅದಕ್ಕೆ ಆಗುವುದಿಲ್ಲ.

ಆಮೇಲೆ 1700ರ ಕೂಲರ್ ತಂದೆ, ಹತ್ತು ನಿಮಿಷದಲ್ಲಿ ಕೂತಿತು, ಈಗ ಬಿಸಿ ತೊಂದರೆ ಇಲ್ಲ. ವಿಡಿಯೋ ಮಾತ್ರ ಬೀಗರೂಟ ಮುಗಿದು ಮೂರನೇ ದಿನ ಕೊಟ್ಟೆ. ಬೋರ್ಡ್ ಎರಡೇ ಸ್ಲಾಟ್‌ನಲ್ಲಿ ಓಡುತ್ತಿದೆ. ಮೈಸೂರಲ್ಲಿ ಚಿಪ್ ಲೆವೆಲ್ ಸರ್ವಿಸ್ ಮಾಡುವವರು, ತುಂಡಾದ ಟ್ರ್ಯಾಕ್ ನಿಜವಾಗಿಯೂ ಜೋಡಿಸುವವರು ಯಾರಾದರೂ ಗೊತ್ತಿದ್ದರೆ ಹೇಳಿ.