ಸೋರುವ ಡಿಕ್ಕಿಗೆ ಬ್ಯೂಟೈಲ್ ಟೇಪ್: ಮೂರು ಮಳೆಗಾಲ ಕಳೆದ ಮೇಲೆ

ಬ್ಯೂಟೈಲ್ ಟೇಪ್, ಅಂದರೆ ಸಂದಿ ಮುಚ್ಚುವ ಅಂಟಂಟು ರಬ್ಬರ್ ಪಟ್ಟಿ, ಒಳ್ಳೆಯದು, ಅದನ್ನು ಮೊದಲೇ ಹೇಳಿಬಿಡುತ್ತೇನೆ. 420 ರೂಪಾಯಿ ಕೊಟ್ಟು ತಂದ ರೋಲ್‌ನಲ್ಲಿ ಅರ್ಧ ಇನ್ನೂ ಕಪಾಟಿನಲ್ಲಿ ಬಿದ್ದಿದೆ. ಆದರೆ ಅದನ್ನು ಎಲ್ಲಿ ಹಚ್ಚಬೇಕು ಅಂತ ಗೊತ್ತಾಗಲು ನನಗೆ ಒಂದು ತಿಂಗಳು ಬೇಕಾಯಿತು. ಹಾಗಾಗಿ ಇಲ್ಲಿ ಟೇಪಿಗಿಂತ ಸೋರಿಕೆಯ ಕತೆಯೇ ಜಾಸ್ತಿ.

ಕಾರು ಸೆಕೆಂಡ್ ಹ್ಯಾಂಡ್ ಸೆಡಾನ್, ಆಗ ಅದಕ್ಕೆ ಒಂಬತ್ತು ವರ್ಷ. ಕಂಪೆನಿ ಯಾವುದು ಅಂತ ಕೇಳಬೇಡಿ. ಆ ವಯಸ್ಸಿಗೆ ಯಾವ ಕಾರಿನ ರಬ್ಬರ್ ಆದರೂ ಅಷ್ಟೇ. ಮನೆ ಇರುವುದು ಪರ್ಕಳದ ಹತ್ತಿರ. ಉಡುಪಿಯ ಮಳೆ ಏನು ಅಂತ ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಬೆಂಗಳೂರಿನವರಿಗೆ ಒಂದು ಅಂದಾಜು ಕೊಡುತ್ತೇನೆ: ನಿಮ್ಮಲ್ಲಿ ವರ್ಷಕ್ಕೆ ಸುಮಾರು 1000 ಮಿಲಿಮೀಟರ್ ಬಂದರೆ ನಮ್ಮಲ್ಲಿ 4000ದ ಆಸುಪಾಸು. ಅದೂ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ.

2022ರ ಜೂನ್ ಕೊನೆಗೆ ಡಿಕ್ಕಿಯಿಂದ ನಾತ ಶುರುವಾಯಿತು. ಬಂಗುಡೆ ತಂದ ಚೀಲದ ನೀರು ಚೆಲ್ಲಿರಬೇಕು ಅಂದರು ಅಮ್ಮ. ಆದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿ ಕಡಲಿಗೆ ಇಳಿಯುವಂತಿಲ್ಲ. ನಾನು ಮಲ್ಪೆ ಬಂದರಿನ ಕಡೆಗೆ ಹೋಗದೆ ತಿಂಗಳಾಗಿತ್ತು. ಮತ್ತೆ ಮೀನೆಲ್ಲಿಂದ? ಡಿಕ್ಕಿಯ ಮ್ಯಾಟ್ ಎತ್ತಿ ನೋಡಿದರೆ ಸ್ಟೆಪ್ನಿ ಇಡುವ ಗುಂಡಿಯಲ್ಲಿ ನಾಲ್ಕು ಬೆರಳು ನೀರು. ಜ್ಯಾಕ್‌ಗೆ ತುಕ್ಕು. ಮ್ಯಾಟಿನ ಅಡಿಗೆ ಬಿಳಿ ಬೂಷ್ಟು. ಹಿಂದಿನ ಗಾಜು ಬೆಳಿಗ್ಗೆ ಬೆಳಿಗ್ಗೆ ಮಂಜು ಹಿಡಿಯುತ್ತಿದ್ದದ್ದು ಯಾಕೆ ಅಂತಲೂ ಆಗ ಅರ್ಥವಾಯಿತು.

ಗ್ಯಾರೇಜಿಗೆ ಒಯ್ದೆ. ಅಲ್ಲಿನ ಹುಡುಗ ನೀರು ನಿಂತ ಜಾಗ ನೋಡಿ, ಅದರ ನೇರ ಮೇಲೆ ಡಿಕ್ಕಿ ಬಾಗಿಲಿನ ಸಂದಿಗೆಲ್ಲ ಪಾರದರ್ಶಕ ಸಿಲಿಕೋನ್ ಹೊಡೆದ. ಬಚ್ಚಲಿನ ಟೈಲ್ಸ್ ಸಂದಿಗೆ ಹಾಕುತ್ತಾರಲ್ಲ, ಅದೇ. ಎರಡು ದಿನ ಕಾರಿನೊಳಗೆ ವಿನೆಗರ್ ವಾಸನೆ. ಆ ಜಾತಿಯ ಸಿಲಿಕೋನ್ ಒಣಗುವಾಗ ಬಿಡುವುದು ಅಸಿಟಿಕ್ ಆಮ್ಲವನ್ನು. ಪೇಂಟ್ ಕೆತ್ತಿಹೋಗಿ ಬರೀ ತಗಡು ಕಾಣುವ ಕಡೆ ಅದನ್ನು ಹಾಕಿದರೆ ತುಕ್ಕಿಗೆ ನಾವೇ ಕರೆಯೋಲೆ ಕೊಟ್ಟ ಹಾಗೆ. ಇಪ್ಪತ್ತು ದಿನಕ್ಕೆ ಅದರ ಅಂಚು ಎದ್ದು ಬಂತು. ನೀರು ಮಾತ್ರ ಮೊದಲಿನಷ್ಟೇ. ಕೊಟ್ಟದ್ದು 600 ರೂಪಾಯಿ. ಅದನ್ನು ಕೆರೆದು ತೆಗೆಯಲು ಹಳೆಯ ಎಟಿಎಂ ಕಾರ್ಡ್ ಹಿಡಿದುಕೊಂಡು ನಾನು ಒಂದು ಭಾನುವಾರವಿಡೀ ಕೂತೆ. ಸಿಲಿಕೋನಿನ ಪಸೆ ಉಳಿದ ಜಾಗಕ್ಕೆ ಬೇರೆ ಯಾವುದೂ ಸರಿಯಾಗಿ ಹಿಡಿಯುವುದಿಲ್ಲ, ಹಾಗಾಗಿ ಕೆರೆಯದೆ ವಿಧಿಯಿಲ್ಲ.

ದಾರಿ ತೋರಿಸಿದ್ದು ಅಪ್ಪ. ಅವರಿಗೆ ಕಾರು ಬಿಡಲೂ ಬರುವುದಿಲ್ಲ, ಆದರೆ ಹಂಚಿನ ಮನೆಯಲ್ಲಿ ಅರವತ್ತು ಮಳೆಗಾಲ ಕಳೆದವರು. "ಹಂಚು ಒಡೆದದ್ದು ಅಡುಗೆಮನೆ ಮೇಲೆ, ನೀರು ಬೀಳುವುದು ಚಾವಡಿಗೆ. ಪಕಾಸು ಹಿಡ್ಕೊಂಡು ಬರ್ತದೆ ಅದು. ನೀನು ಎಂತ ಗುಂಡಿಯನ್ನೇ ನೋಡ್ತಾ ಕೂತಿದ್ದಿ?" ಅಂದರು. ಪಕಾಸು ಅಂದರೆ ಹಂಚಿನ ಮಾಡಿಗೆ ಇಳಿಜಾರಾಗಿ ಹಾಕುವ ಮರ.

ಸರಿ ಅಂತ ಡಿಕ್ಕಿಯನ್ನು ಪೂರ್ತಿ ಖಾಲಿ ಮಾಡಿದೆ. ಮ್ಯಾಟ್, ಬದಿಯ ಫೆಲ್ಟು, ಸ್ಟೆಪ್ನಿ, ಎಲ್ಲ ಹೊರಗೆ. ತಗಡು ಒರೆಸಿ ಒಣಗಿಸಿ, ಅಕ್ಕನ ಮುಖದ ಪೌಡರ್ ಡಬ್ಬಿ ಕದ್ದು ಒಳಗೆಲ್ಲ ತೆಳ್ಳಗೆ ಉದುರಿಸಿದೆ. ನೀರು ಹರಿದರೆ ಪೌಡರ್ ಮೇಲೆ ಗೆರೆ ಬೀಳುತ್ತದೆ. ಆಮೇಲೆ ಹಿಂದಿನ ಸೀಟು ಮಡಚಿ, ಟಾರ್ಚ್ ಹಿಡಿದುಕೊಂಡು ನಾನೇ ಒಳಗೆ ಮಲಗಿದೆ. ಸೀಟು ಮಡಚಲು ಬಾರದ ಕಾರಾದರೆ ಈ ಸಾಹಸ ಬೇಡ, ಒಳಗಿನಿಂದ ಹೊರಬರುವ ದಾರಿ ಇರಲೇಬೇಕು. ಹೆಂಡತಿ ಹೊರಗೆ ಪೈಪ್ ಹಿಡಿದು ನಿಂತಳು. ರಭಸ ಬೇಡ, ಸುಮ್ನೆ ಹರಿಯಬೇಕು ಅಷ್ಟೇ. ಬಂಪರಿನಿಂದ ಶುರು ಮಾಡಿ ಐದೈದು ನಿಮಿಷಕ್ಕೆ ಒಂದು ಗೇಣಿನಷ್ಟು ಮೇಲೆ. ಮೊದಲೇ ಮೇಲಿನಿಂದ ಬಿಟ್ಟರೆ ಎಲ್ಲ ಕಡೆ ಒದ್ದೆಯಾಗಿ ಏನೂ ತಿಳಿಯುವುದಿಲ್ಲ. ರಸ್ತೆಯಲ್ಲಿ ಹೋಗುತ್ತಿದ್ದ ಪಕ್ಕದ ಮನೆಯವರು, ಗಂಡನನ್ನು ಡಿಕ್ಕಿಗೆ ಹಾಕಿ ನೀರು ಬಿಡುತ್ತಿರುವ ಹೆಂಗಸನ್ನು ನೋಡಿ ಏನೂ ಕೇಳದೆ ಮುಂದೆ ಹೋದರಂತೆ.

ಬಂಪರಿನ ಹಂತದಲ್ಲಿ ಏನಿಲ್ಲ. ನಂಬರ್ ಪ್ಲೇಟ್ ದೀಪದ ಹತ್ತಿರವೂ ಇಲ್ಲ. ನೀರು ಎಡಬದಿಯ ಹಿಂದಿನ ದೀಪಕ್ಕೆ ಬಂದು ಎರಡು ನಿಮಿಷ ಆಗಿರಬೇಕು. ದೀಪವನ್ನು ಹಿಡಿದಿಡುವ ಮೂರು ಬೋಲ್ಟ್ ಒಳಗೆ ಕಾಣುತ್ತವೆ. ಕೆಳಗಿನ ಬೋಲ್ಟಿನ ನಟ್ಟಿನ ಸುತ್ತ ಮೊದಲು ಒಂದು ಹೊಳಪು ಬಂತು. ಅದು ದಪ್ಪವಾಗಿ ಹನಿಯಾಯಿತು. ಆದರೆ ಕೆಳಗೆ ಬೀಳಲಿಲ್ಲ! ವೈರನ್ನು ಹಿಡಿದುಕೊಂಡು ಬಲಕ್ಕೆ ಒಂದು ಅಡಿ ಹೋಗಿ, ವೈರ್ ಬಗ್ಗುವ ಜಾಗದಲ್ಲಿ ಇಳಿದು, ಪೌಡರ್ ಮೇಲೆ ಸಪೂರ ಗೆರೆ ಎಳೆದು ಗುಂಡಿ ಸೇರಿತು. ಹಿಂದೆಯೇ ಇನ್ನೊಂದು. ಅಪ್ಪನ ಪಕಾಸು ಇದೇ.

ದೀಪ ಬಿಚ್ಚಿದರೆ ಅದರ ಹಿಂದಿನ ಸ್ಪಂಜಿನಂಥ ಗ್ಯಾಸ್ಕೆಟ್ ನೀರುದೋಸೆಯಷ್ಟು ತೆಳ್ಳಗೆ ಅಪ್ಪಚ್ಚಿಯಾಗಿತ್ತು. ಮಂಗಳೂರಿನಿಂದ ಬ್ಯೂಟೈಲ್ ಟೇಪ್ ತರಿಸಿದೆ. ಹಳೆಯ ಗ್ಯಾಸ್ಕೆಟ್ ಕಿತ್ತು, ಎರಡೂ ಕಡೆ ಸ್ಪಿರಿಟ್‌ನಲ್ಲಿ ಒರೆಸಿ, ಟೇಪನ್ನು ಬತ್ತಿ ಹೊಸೆದ ಹಾಗೆ ಹೊಸೆದು ದೀಪದ ಸುತ್ತ ಕೂರಿಸಿದೆ. ಪ್ರತಿ ಬೋಲ್ಟಿನ ಬುಡಕ್ಕೂ ಒಂದೊಂದು ಉಂಗುರ. ನಟ್ಟುಗಳನ್ನು ಸ್ವಲ್ಪ ಸ್ವಲ್ಪವೇ, ಮೂರನ್ನೂ ಸಮವಾಗಿ ಬಿಗಿದೆ. ಒಂದನ್ನೇ ಜೋರಾಗಿ ತಿರುವಿದರೆ ದೀಪದ ಪ್ಲಾಸ್ಟಿಕ್ ಬಿರುಕು ಬಿಡಬಹುದು. ಅರ್ಧ ಗಂಟೆಯ ಕೆಲಸ. ಆ ವರ್ಷದ ಉಳಿದ ಮಳೆಗೆ ಗುಂಡಿ ಒಣಗಿಯೇ ಇತ್ತು.

ಬ್ಯೂಟೈಲ್‌ನ ಗುಣವೇ ಅದು. ಸಿಲಿಕೋನ್ ಹಾಗೆ ಗಟ್ಟಿಯಾಗಿ ಕೂರುವುದಿಲ್ಲ, ವರ್ಷಗಟ್ಟಲೆ ಅಂಟಂಟಾಗಿಯೇ ಇರುತ್ತದೆ. ಕಾರು ಗುಂಡಿಗೆ ಬಿದ್ದು ತಗಡು ಅಲುಗಿದರೆ ಅದೂ ಜೊತೆಗೆ ಅಲುಗುತ್ತದೆ. ನಮ್ಮ ರಸ್ತೆಗಳಿಗೆ ಇದು ಬೇಕಾದದ್ದೇ. ಆದರೆ ಬೈಗುಳವೂ ಉಂಟು. ಏಪ್ರಿಲ್ ಬಿಸಿಲಿಗೆ ಮೆತ್ತಗಾಗಿ ದೀಪದ ಅಂಚಿನಿಂದ ಕಪ್ಪಗೆ ಹೊರಗೆ ಇಣುಕುತ್ತದೆ, ಅದಕ್ಕೆ ಧೂಳು ಮೆತ್ತಿಕೊಳ್ಳುತ್ತದೆ. 2024ರಲ್ಲಿ ಬಲ್ಬ್ ಬದಲಿಸಲು ದೀಪ ಎಳೆದಾಗ ಹಲಸಿನ ಮೇಣದ ಹಾಗೆ ಮಾರುದ್ದ ಎಳೆ ಬಂತು. ಕೈಯಿಂದ ತೆಗೆಯುವ ಉಪಾಯವೂ ಹಲಸಿನದ್ದೇ, ತೆಂಗಿನೆಣ್ಣೆ. ಆ ಎಣ್ಣೆ ಕೈಯಲ್ಲಿ ಹೊಸ ಟೇಪ್ ಮುಟ್ಟಬೇಡಿ. ನಾನು ಮುಟ್ಟಿ, ಅಷ್ಟೂ ತುಂಡನ್ನು ಬಿಸಾಡಿದೆ.

ಟೇಪಿನ ಮೇಲೆ ನನಗೆ ಅನುಮಾನ ಬಂದದ್ದು 2023ರ ಜೂನ್‌ನಲ್ಲಿ. ಮತ್ತೆ ಒಂದು ಲೋಟ ನೀರು. ದೀಪದ ಹತ್ತಿರ ಒಣಗಿಯೇ ಇದೆ. ವಿಚಿತ್ರ ಏನೆಂದರೆ ತಂಗಿ ಊರಿಗೆ ಬಂದ ವಾರ ಮಾತ್ರ ನೀರು, ಅವಳು ಹೋದ ಮೇಲೆ ಇಲ್ಲ. ನಮ್ಮ ಅಂಗಳ ರಸ್ತೆಯಿಂದ ಮನೆ ಕಡೆಗೆ ಇಳಿಜಾರು. ನಾನು ಯಾವಾಗಲೂ ರಿವರ್ಸ್ ಹಾಕಿ ನಿಲ್ಲಿಸುತ್ತೇನೆ, ಅಂದರೆ ಡಿಕ್ಕಿ ತಗ್ಗಿಗೆ. ತಂಗಿ ನೇರ ನುಗ್ಗಿಸುತ್ತಾಳೆ, ಡಿಕ್ಕಿ ಎತ್ತರಕ್ಕೆ. ಡಿಕ್ಕಿ ಬಾಯಿಯ ಸುತ್ತ ಒಂದು ಚರಂಡಿ ಇರುತ್ತದಲ್ಲ, ಅದರ ನೀರು ಹಿಂದಕ್ಕೆ ಹರಿದು ಹೋಗಬೇಕು. ಕಾರಿನ ಮೂತಿ ಕೆಳಗಾದರೆ ಅದು ಡಿಕ್ಕಿ ಬಾಗಿಲಿನ ಹಿಂಜ್ ಇರುವ ಮೂಲೆಯಲ್ಲೇ ನಿಂತು, ಬಾಯಿಯ ಅಂಚಿಗಿರುವ ರಬ್ಬರ್ ಬೀಡಿಂಗ್ ದಾಟುತ್ತದೆ. ಒಂದು ಪಟ್ಟಿ ಕಾಗದ ಇಟ್ಟು ಡಿಕ್ಕಿ ಮುಚ್ಚಿ ಎಳೆದು ನೋಡಿದೆ. ಬೇರೆ ಕಡೆ ಬಿಗಿಯಾಗಿ ಹಿಡಿಯಿತು. ಆ ಮೂಲೆಯಲ್ಲಿ ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಜಾರಿ ಬಂತು.

ಇದಕ್ಕೆ ಟೇಪ್ ಮದ್ದಲ್ಲ, ಬೀಡಿಂಗೇ ಬದಲಿಸಬೇಕು. ಮೀಟರ್ ಲೆಕ್ಕದಲ್ಲಿ ಸಿಗುವ ಅಗ್ಗದ ಬೀಡಿಂಗ್ ತಂದೆ. ಅದು ದಪ್ಪ ಜಾಸ್ತಿಯಾಗಿ ಡಿಕ್ಕಿ ಮುಚ್ಚಲು ಮೇಲೆ ಕೂತು ಒತ್ತಬೇಕಾಯಿತು. ಕೊನೆಗೆ ಆ ಮಾಡೆಲಿನದ್ದೇ ಬೀಡಿಂಗ್‌ಗೆ 1,850 ಕೊಟ್ಟೆ. ಜೋಡಣೆ ಬರುವ ಜಾಗವನ್ನು ಕೆಳಗೆ, ಲಾಕಿನ ಹತ್ತಿರ ಇಟ್ಟೆ. ಅಲ್ಲಿಂದೀಚೆಗೆ ತಂಗಿ ಹೇಗೆ ಬೇಕಾದರೂ ನಿಲ್ಲಿಸುತ್ತಾಳೆ.

ಒಂದು ಮಾತು ಮರೆತಿದ್ದೆ. ಬಂಪರಿನ ಒಳಗೆ, ಬದಿಯಲ್ಲಿ, ರಬ್ಬರ್ ರೆಕ್ಕೆಗಳಿರುವ ಕಿಂಡಿ ಕಾಣಬಹುದು. ಯಾರಾದರೂ ಅದನ್ನು ಟೇಪಿನಿಂದ ಮುಚ್ಚಿ ಅಂದರೆ ಕೇಳಬೇಡಿ. ಒಳಗಿನ ಗಾಳಿ ಹೊರಗೆ ಹೋಗುವ ದಾರಿ ಅದು. ಮುಚ್ಚಿದರೆ ಗಾಜು ಮಂಜು ಹಿಡಿಯುತ್ತದೆ, ಬಾಗಿಲು ಹಾಕಲೂ ಕಷ್ಟ. ರೆಕ್ಕೆಯಲ್ಲಿ ಕಸ ಸಿಕ್ಕಿದ್ದರೆ ತೆಗೆಯಿರಿ, ಸಾಕು.

ಒದ್ದೆ ಮ್ಯಾಟನ್ನು 2022ರ ಆ ಜುಲೈಯಲ್ಲಿ ಒಣಗಿಸಿದ್ದು ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ. ಬಿಸಿಲು ಎಲ್ಲಿತ್ತು? ಐದು ದಿನ ಹಿಡಿಯಿತು. ಬೂಷ್ಟಿನ ನಾತ ಹೋಯಿತು, ತೆಂಗಿನ ಸಿಪ್ಪೆಯ ಹೊಗೆ ಉಳಿಯಿತು. ಈಗಲೂ ಡಿಕ್ಕಿ ತೆರೆದವರು ಯಾರ ಮನೆಯಲ್ಲಿ ಸ್ನಾನಕ್ಕೆ ನೀರು ಕಾಯಿಸುತ್ತಿದ್ದಾರೆ ಅಂತ ಕೇಳುತ್ತಾರೆ.

ಬಲಬದಿಯ ದೀಪ ಇನ್ನೂ ಬಿಚ್ಚಿಲ್ಲ. ಅದರ ಗ್ಯಾಸ್ಕೆಟ್‌ಗೂ ಅಷ್ಟೇ ವಯಸ್ಸು. ಉಳಿದ ಅರ್ಧ ರೋಲ್ ಅದಕ್ಕೇ ಇಟ್ಟದ್ದು, ಮುಂದಿನ ಮೇ ಒಳಗೆ ಮಾಡಬೇಕು.